ಬಂದರಿಗೆ ಮಾತ್ರ ಕಾವಲು: ಅಮೆರಿಕದ ಅಗ್ಗದ ಪಿಸ್ತೂಲುಗಳ ಕಥೆ

1968ರ ಅಕ್ಟೋಬರ್ 22ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ಆ ವರ್ಷದ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾಗಿದ್ದರು. ನಗರಗಳಲ್ಲಿ ಕೊಲೆಗಳು ಏರುತ್ತಿದ್ದವು. ಯುರೋಪಿನಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದ, ಬೆರಳೆಣಿಕೆಯ ಡಾಲರಿಗೆ ಸಿಗುತ್ತಿದ್ದ ಪುಟ್ಟ ಪಿಸ್ತೂಲುಗಳ ಮೇಲೆ ಪತ್ರಿಕೆಗಳೂ ಪೊಲೀಸರೂ ಬೆರಳು ತೋರಿಸುತ್ತಿದ್ದರು. ‘ಸ್ಯಾಟರ್ಡೇ ನೈಟ್ ಸ್ಪೆಷಲ್’ ಎಂಬ ಅಡ್ಡಹೆಸರು ಅವಕ್ಕೆ ಅಂಟಿಕೊಂಡಿತ್ತು. ಹೊಸ ಕಾಯ್ದೆ ಅವುಗಳಿಗೆ ಬಂದರಿನಲ್ಲೇ ತಡೆ ಒಡ್ಡಿತು. ಕ್ರೀಡೆಯ ಉದ್ದೇಶಕ್ಕೆ ತಕ್ಕುದಲ್ಲದ ಕೈಬಂದೂಕು ಇನ್ನು ಆಮದಾಗುವಂತಿಲ್ಲ ಎಂದಿತು. ಅದೇ ಗುಣದ, ಅದೇ ಬೆಲೆಯ ಬಂದೂಕನ್ನು ದೇಶದೊಳಗೇ ತಯಾರಿಸಿದರೆ ಏನು ಎಂಬ ಪ್ರಶ್ನೆಗೆ ಮಾತ್ರ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ರಾಬರ್ಟ್ ಕೆನಡಿಯನ್ನು ಕೊಂದ .22 ಅಳತೆಯ ರಿವಾಲ್ವರ್ ಐವರ್ ಜಾನ್ಸನ್ ಎಂಬ ಕಂಪನಿಯದು. ಅದು ಮ್ಯಾಸಚೂಸೆಟ್ಸ್‌ನಲ್ಲಿ ತಯಾರಾದ ಸ್ವದೇಶಿ ಸರಕು. ಆ ಹತ್ಯೆಯ ನೋವಿನಿಂದ ಬಲ ಪಡೆದ ಕಾಯ್ದೆಯ ಆಮದು ನಿಯಮ ಆ ರಿವಾಲ್ವರನ್ನು ಮುಟ್ಟುತ್ತಲೇ ಇರಲಿಲ್ಲ.

ಅಗ್ಗದ ಬಂದೂಕು ಕೈಕೊಡುತ್ತದೆ, ಅಗ್ಗವಾದ್ದರಿಂದಲೇ ಕೈಕೊಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ನಂತರದ ಐವತ್ತು ವರ್ಷಗಳ ಅಮೆರಿಕದ ಚರಿತ್ರೆ ಇದನ್ನು ಪೂರ್ತಿ ಒಪ್ಪುವುದಿಲ್ಲ. ಅಲ್ಲಿನ ಅಗ್ಗದ ಪಿಸ್ತೂಲು ನಂಬಲಾಗದ ವಸ್ತುವಾದದ್ದು ಬೆಲೆ ಕಡಿಮೆ ಇದ್ದುದರಿಂದಲ್ಲ. ಅದನ್ನು ಮಾರುವ ಮೊದಲು ಯಾರೂ ಪರೀಕ್ಷಿಸಬೇಕಾಗಿರಲಿಲ್ಲ, ಅದಕ್ಕೇ. ನಮ್ಮ ಪತ್ರಿಕೆಗಳಲ್ಲಿ ಓದುವ ನಾಡಪಿಸ್ತೂಲು ಕದ್ದುಮುಚ್ಚಿ ಮಾಡಿದ್ದು, ಅದರ ಗುಣಕ್ಕೆ ಯಾರೂ ಹೊಣೆಯಲ್ಲ. ನಾನು ಹೇಳುತ್ತಿರುವುದು ಪರವಾನಗಿ ಪಡೆದ ಕಾರ್ಖಾನೆಯಲ್ಲಿ ತಯಾರಾಗಿ, ತೆರಿಗೆ ಕಟ್ಟಿ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಾರಾಟವಾದ ಬಂದೂಕಿನ ಕಥೆ. ಅದರ ಹೊಣೆಯನ್ನು ಯಾರಾದರೂ ಹೊರಬಹುದಿತ್ತು, ಹೊರಲಿಲ್ಲ.

ಅಗ್ಗದ ಕೈಬಂದೂಕು ಅಮೆರಿಕಕ್ಕೆ ಹೊಸದೇನೂ ಆಗಿರಲಿಲ್ಲ. ಲೋಹದ ತೋಟಾ ಬಳಸುವ ರಿವಾಲ್ವರಿನ ಮುಖ್ಯ ಪೇಟೆಂಟ್ ರೋಲಿನ್ ವೈಟ್ ಎಂಬವನ ಹೆಸರಿನಲ್ಲಿತ್ತು, ಅದರ ಹಕ್ಕು ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಕೈಯಲ್ಲಿತ್ತು. 1869ರಲ್ಲಿ ಪೇಟೆಂಟ್ ಅವಧಿ ಮುಗಿದದ್ದೇ ತಡ, ಸಣ್ಣಪುಟ್ಟ ಕಾರ್ಖಾನೆಗಳೆಲ್ಲ ರಿವಾಲ್ವರ್ ಮಾಡತೊಡಗಿದವು. ಕಂಪನಿಯ ಹೆಸರಿರದ, ‘ಡಿಫೆಂಡರ್’, ‘ರೆಡ್ ಜಾಕೆಟ್’ ಎಂಬಂಥ ಬಿರುದುಗಳನ್ನಷ್ಟೆ ಹೊತ್ತ ಆ ಬಂದೂಕುಗಳಲ್ಲಿ ಕಬ್ಬಿಣ ಮೆದು, ಬಿಗಿ ಸಡಿಲ. ಆದರೆ ಅದೇ ಅಗ್ಗದ ಪೇಟೆಯಿಂದಲೇ ಐವರ್ ಜಾನ್ಸನ್‌ನ ಸುರಕ್ಷಿತ ರಿವಾಲ್ವರೂ ಬಂತು. 1890ರ ದಶಕದಲ್ಲಿ ಆ ಕಂಪನಿ ಹ್ಯಾಮರಿಗೂ ತೋಟಾಕ್ಕೆ ಬಡಿದು ಅದನ್ನು ಸಿಡಿಸುವ ಫೈರಿಂಗ್ ಪಿನ್ನಿಗೂ ನಡುವೆ ಒಂದು ಸಣ್ಣ ಪಟ್ಟಿಯನ್ನು ಇಟ್ಟಿತು. ಟ್ರಿಗರ್ ಪೂರ್ತಿ ಒತ್ತಿದಾಗ ಮಾತ್ರ ಆ ಪಟ್ಟಿ ಮೇಲೆದ್ದು ಹ್ಯಾಮರಿನ ಪೆಟ್ಟನ್ನು ಪಿನ್ನಿಗೆ ದಾಟಿಸುತ್ತಿತ್ತು. ಕೈಯಿಂದ ಜಾರಿ ನೆಲಕ್ಕೆ ಬಿದ್ದರೆ ಪೆಟ್ಟು ದಾಟಲು ದಾರಿಯೇ ಇಲ್ಲ. ರಿವಾಲ್ವರಿನ ಹ್ಯಾಮರಿಗೆ ನಿಜವಾದ ಸುತ್ತಿಗೆಯಿಂದ ಹೊಡೆದು ನೋಡಿ ಎಂದೇ ಕಂಪನಿ ಜಾಹೀರಾತು ಕೊಟ್ಟಿತು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಯವರನ್ನು ಕೊಂದವನು ಬಫಲೋ ನಗರದಲ್ಲಿ 4.50 ಡಾಲರಿಗೆ ಕೊಂಡದ್ದು ಇದೇ ಕಂಪನಿಯ ರಿವಾಲ್ವರ್. ಅಂದರೆ ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗಾಗಲೇ ಸಾಮಾನ್ಯ ಕೂಲಿಕಾರನ ಕೈಗೆಟಕುವ ಬೆಲೆಯಲ್ಲಿ, ಬಿದ್ದರೆ ಹಾರದ ಬಂದೂಕನ್ನು ಮಾಡುವ ವಿದ್ಯೆ ಅಮೆರಿಕಕ್ಕೆ ಗೊತ್ತಿತ್ತು. ಮುಂದಿನ ಕಥೆಯನ್ನು ಅಳೆಯಲು ಇದು ನಮಗೆ ಅಳತೆಗೋಲು.

ಈಗ 1968ರ ಬಂದರಿಗೆ ಮರಳೋಣ. ಯಾವ ಬಂದೂಕು ಕ್ರೀಡೆಗೆ ತಕ್ಕುದು ಎಂದು ತೀರ್ಮಾನಿಸಲು ಅಧಿಕಾರಿಗಳು ಅಂಕಪಟ್ಟಿಯೊಂದನ್ನು ಮಾಡಿದರು. ಉದ್ದ, ತೂಕ, ಗುಂಡಿನ ಅಳತೆ, ಮೈಯ ಲೋಹ, ಸುರಕ್ಷತೆಯ ಏರ್ಪಾಟು, ಎಲ್ಲಕ್ಕೂ ಅಂಕ. ಪಿಸ್ತೂಲಿಗೆ 75 ಅಂಕ ಬರಬೇಕು, ರಿವಾಲ್ವರಿಗೆ 45. ರಿವಾಲ್ವರಿನ ನಳಿಗೆ ಕನಿಷ್ಠ 3 ಇಂಚು ಇರಬೇಕು. ರಿವಾಲ್ವರಿನ ತೂಕದಷ್ಟೇ ತೂಕವನ್ನು 36 ಇಂಚು ಎತ್ತರದಿಂದ ಹ್ಯಾಮರಿನ ಮೇಲೆ ಬೀಳಿಸಿದರೂ ಗುಂಡು ಹಾರಕೂಡದು. ಪಿಸ್ತೂಲು ಕನಿಷ್ಠ 4 ಇಂಚು ಎತ್ತರ, 6 ಇಂಚು ಉದ್ದ ಇರಬೇಕು. ಇದರಲ್ಲಿ ವಿವೇಕದ ಅಂಶವಿತ್ತು, ಬೀಳಿಸುವ ಪರೀಕ್ಷೆ ಅಂಥದ್ದು. ಆದರೆ ಬಹುಪಾಲು ಅಂಕಗಳು ಗುಣವನ್ನಲ್ಲ, ಗಾತ್ರವನ್ನು ಅಳೆದವು. ಅದರ ಫಲ ಬೇಗನೆ ಕಂಡಿತು. ಜರ್ಮನಿಯ ವಾಲ್ಥರ್ ಕಂಪನಿಯ ಪಿಪಿಕೆ ಆ ಕಾಲದ ಉತ್ತಮ ಕಿರು ಪಿಸ್ತೂಲುಗಳಲ್ಲೊಂದು, ಜೇಮ್ಸ್ ಬಾಂಡ್ ಕೈಯಲ್ಲಿ ಜಗತ್ತೇ ಕಂಡದ್ದು, ಬೆಲೆಯೂ ಅದಕ್ಕೆ ತಕ್ಕಂತೆ. ಅದು ಎತ್ತರದಲ್ಲಿ ಕೂದಲೆಳೆಯಷ್ಟು ಕಡಿಮೆ ಬಿದ್ದು ಅಮೆರಿಕದ ಬಂದರಿನಲ್ಲಿ ತಡೆಯಲ್ಪಟ್ಟಿತು. ವಾಲ್ಥರ್ ತನ್ನದೇ ದೊಡ್ಡ ಮಾದರಿಯ ಹಿಡಿಕೆಗೆ ಪಿಪಿಕೆಯ ಮೇಲ್ಭಾಗವನ್ನು ಕೂಡಿಸಿ ಪಿಪಿಕೆ/ಎಸ್ ಎಂಬ ಹೊಸ ಮಾದರಿಯನ್ನೇ ಮಾಡಬೇಕಾಯಿತು. ಅಗ್ಗದ ಕಳಪೆಯನ್ನು ತಡೆಯಲು ಹುಟ್ಟಿದ ನಿಯಮ ದುಬಾರಿಯ ಉತ್ತಮವನ್ನು ತಡೆದಿತ್ತು.

ಕಳಪೆಯೋ, ಎರಡು ದಾರಿ ಹಿಡಿದು ಒಳಗೆ ಬಂತು. ಮೊದಲನೆಯದು ಬಿಡಿಭಾಗಗಳ ದಾರಿ. ಕಾಯ್ದೆ ತಡೆದದ್ದು ಇಡೀ ಬಂದೂಕನ್ನು. ಜರ್ಮನಿಯ ರೋಮ್ ಕಂಪನಿಯ ಭಾಗಗಳು ಬೇರೆಬೇರೆಯಾಗಿ ಬಂದು ಫ್ಲಾರಿಡಾದ ಮಯಾಮಿಯಲ್ಲಿ ಜೋಡಣೆಯಾದವು. ಹಾಗೆ ಜೋಡಿಸಿದ ಆರ್‌ಜಿ-14 ಎಂಬ ರಿವಾಲ್ವರಿನ ನಳಿಗೆ 2 ಇಂಚೂ ಇರಲಿಲ್ಲ, ಬಂದರಿನ ಪರೀಕ್ಷೆಯಲ್ಲಿ ಅದು ಖಂಡಿತ ನಪಾಸು. ಡಲ್ಲಾಸ್ ನಗರದ ಗಿರವಿ ಅಂಗಡಿಯೊಂದರಲ್ಲಿ ಕೊಂಡ ಅಂಥದೇ ರಿವಾಲ್ವರಿನಿಂದ 1981ರ ಮಾರ್ಚ್ 30ರಂದು ಜಾನ್ ಹಿಂಕ್ಲಿ ಅಧ್ಯಕ್ಷ ರೇಗನ್ ಅವರ ಮೇಲೆ ಗುಂಡು ಹಾರಿಸಿದ. ಎರಡು ಸೆಕೆಂಡೂ ಆಗಿರಲಿಲ್ಲ, ಆರಕ್ಕೆ ಆರೂ ಗುಂಡು ಹಾರಿದವು, ನಾಲ್ವರು ಗಾಯಗೊಂಡರು. ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಬದುಕಿಡೀ ಅಂಗವಿಕಲರಾಗಿ ಉಳಿದರು.

ಎರಡನೆಯ ದಾರಿ ಕ್ಯಾಲಿಫೋರ್ನಿಯಾದ್ದು. ಲಾಸ್ ಏಂಜಲಿಸ್ ಸೀಮೆಯಲ್ಲಿ ವಿಮಾನೋದ್ಯಮಕ್ಕೆ ಬಿಡಿಭಾಗ ಮಾಡಿಕೊಡುತ್ತಿದ್ದ ಜಾರ್ಜ್ ಜೆನಿಂಗ್ಸ್ ಎಂಬ ಎಂಜಿನಿಯರ್, ಆಮದು ನಿಂತದ್ದರಿಂದ ತೆರವಾದ ಜಾಗವನ್ನು ಕಂಡು, 1970ರಲ್ಲಿ ರೇವನ್ ಎಂಪಿ-25 ಪಿಸ್ತೂಲನ್ನು ಪೇಟೆಗೆ ತಂದರು. ಇದರ ತಂತ್ರವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಬೈಯುವವರೂ ಹೊಗಳುವವರೂ ಇದನ್ನು ಬಿಟ್ಟೇ ಮಾತಾಡುತ್ತಾರೆ. ಉಕ್ಕಿನ ಗಟ್ಟಿಯನ್ನು ಕಡೆದು, ಕೊರೆದು, ಉಜ್ಜಿ ಪಿಸ್ತೂಲು ಮಾಡುವುದಕ್ಕೆ ಗಂಟೆಗಟ್ಟಲೆ ಯಂತ್ರವೂ ಕೈಯೂ ಬೇಕು. ಜೆನಿಂಗ್ಸ್ ಅದರ ಬದಲು ಸತುವಿನ ಮಿಶ್ರಲೋಹವನ್ನು ಕರಗಿಸಿ, ಒತ್ತಡದಲ್ಲಿ ಅಚ್ಚಿಗೆ ಹೊಯ್ದರು. ಝಮಾಕ್ ಎಂದು ಕರೆಯುವ ಈ ಲೋಹದಲ್ಲಿ ಶೇಕಡ 4ರಷ್ಟು ಅಲ್ಯೂಮಿನಿಯಂ, ಉಳಿದದ್ದು ಹೆಚ್ಚುಕಡಿಮೆ ಸತುವೇ. 390 ಡಿಗ್ರಿ ಸೆಲ್ಸಿಯಸ್ಸಿನ ಒಳಗೇ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ತೆಗೆದ ಮೇಲೆ ಹೆಚ್ಚು ಕೆಲಸ ಬೇಡುವುದಿಲ್ಲ. ನಳಿಗೆಯಂಥ ಕೆಲವು ಭಾಗಗಳಿಗೆ ಮಾತ್ರ ಉಕ್ಕು. ಬಾಗಿಲಿನ ಹಿಡಿಕೆ, ಕಾರಿನ ಕಾರ್ಬ್ಯುರೇಟರ್ ಮಾಡುವ ವಿಧಾನದಲ್ಲೇ ಪಿಸ್ತೂಲು ತಯಾರಾಯಿತು. .25 ಅಳತೆಯ ತೋಟಾದ ಕಸುವು ಬಹಳ ಕಡಿಮೆ. ಅಷ್ಟು ಸಣ್ಣ ಪೆಟ್ಟಿಗೆ ಆ ಲೋಹ ಸಾಕು. ಅಲ್ಲಿಯವರೆಗೆ ಇದು ಮೋಸವಲ್ಲ, ಜಾಣ ಎಂಜಿನಿಯರಿಂಗ್ ಎಂದೇ ನನ್ನ ಎಣಿಕೆ.

ತೊಂದರೆ ಶುರುವಾದದ್ದು ಆ ಜಾಣತನವನ್ನು ಹಿಗ್ಗಿಸಿದಾಗ. ಜಾರ್ಜ್‌ರ ಮಗ ಬ್ರೂಸ್ ಜೆನಿಂಗ್ಸ್ ತನ್ನದೇ ಕಂಪನಿ ತೆರೆದರು, ಮುಂದೆ ಅದರ ಜೊತೆಗೆ ಬ್ರೈಕೋ ಬಂತು. ಜಾರ್ಜ್‌ರ ಅಳಿಯ ಡೇವಿಸ್ ಇಂಡಸ್ಟ್ರೀಸ್ ತೆರೆದರು. ಬಳಗದ ಗೆಳೆಯರೊಬ್ಬರು ಲಾರ್ಸಿನ್ ತೆರೆದರು. ಲಾಸ್ ಏಂಜಲಿಸ್ ಸುತ್ತ ಉಂಗುರದಂತೆ ಹಬ್ಬಿದ ಈ ಕಾರ್ಖಾನೆಗಳನ್ನು ವೈದ್ಯ ಸಂಶೋಧಕ ಗ್ಯಾರೆನ್ ವಿಂಟೆಮ್ಯೂಟ್ 1994ರ ತಮ್ಮ ಅಧ್ಯಯನದಲ್ಲಿ ‘ಬೆಂಕಿಯ ಉಂಗುರ’ ಎಂದು ಕರೆದರು. ಅಮೆರಿಕದಲ್ಲಿ ತಯಾರಾಗುತ್ತಿದ್ದ ಕೈಬಂದೂಕುಗಳಲ್ಲಿ ಆ ಹೊತ್ತಿಗೆ ಸುಮಾರು ಮೂರರಲ್ಲೊಂದು ಪಾಲು ಇವರದ್ದೇ. ಗಿರಾಕಿಗಳಿಗೆ ದೊಡ್ಡ ಗುಂಡು ಬೇಕಾದಾಗ ಅದೇ ಲೋಹ, ಅದೇ ಸರಳ ವಿನ್ಯಾಸ .380ಕ್ಕೆ, ಆಮೇಲೆ 9 ಮಿಲಿಮೀಟರಿಗೆ ಏರಿತು. ಈ ಪಿಸ್ತೂಲುಗಳಲ್ಲಿ ಗುಂಡು ಹಾರುವ ಕ್ಷಣ ಹಿಂಬದಿಯನ್ನು ಬಂಧಿಸುವ ಕೊಂಡಿ ಇರುವುದಿಲ್ಲ. ಕುಕ್ಕರಿನ ಮೇಲಿನ ವೆಯ್ಟ್ ಬರೀ ಭಾರದಿಂದಲೇ ಹಬೆಯನ್ನು ತಡೆಯುವಂತೆ, ಸ್ಲೈಡಿನ, ಅಂದರೆ ಹಿಂದೆ ಮುಂದೆ ಸರಿಯುವ ಮೇಲ್ಭಾಗದ, ಭಾರ ಮತ್ತು ಸ್ಪ್ರಿಂಗ್ ಮಾತ್ರ ಒತ್ತಡವನ್ನು ತಡೆಯಬೇಕು. 9 ಮಿಲಿಮೀಟರ್ ಗುಂಡಿನ ಶಕ್ತಿ .25ರದಕ್ಕಿಂತ ಐದು ಪಟ್ಟಾದರೂ ಹೆಚ್ಚು, ಭಾರವೂ ಅದಕ್ಕೆ ತಕ್ಕಂತೆ ಏರಬೇಕು. ಜೇಬಿಗೆ ಹಿಡಿಸಬೇಕೆಂದು ಭಾರ ಉಳಿಸಿದರೆ ಸ್ಲೈಡ್ ಬೇಗ ಹಿಂದೆ ಸರಿಯುತ್ತದೆ, ತೋಟಾ ಸಿಕ್ಕಿಕೊಳ್ಳುತ್ತದೆ, ಸತುವಿನ ಮೈ ಸವೆದು ಬಿರಿಯುತ್ತದೆ.

ಬಂದೂಕಿನ ನಂಬಿಕೆಗೆ ಎರಡು ಮುಖ. ಹಾರಬೇಕಾದಾಗ ಹಾರುವುದು ಒಂದು, ಹಾರಬಾರದಾಗ ಹಾರದಿರುವುದು ಇನ್ನೊಂದು. ಕೊಳ್ಳುವವನು ಕೇಳುವುದು ಮೊದಲನೆಯದನ್ನು, ಮನೆಯ ಉಳಿದವರ ಜೀವ ನಿಂತಿರುವುದು ಎರಡನೆಯದರ ಮೇಲೆ. ಉಂಗುರದ ಹೆಚ್ಚಿನ ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ನನ್ನು ತಡೆದು ಹಿಡಿಯುವ ಪ್ರತ್ಯೇಕ ಏರ್ಪಾಟೇ ಇರಲಿಲ್ಲ. ತೋಟಾ ತುಂಬಿದ ಪಿಸ್ತೂಲು ಗಟ್ಟಿ ನೆಲಕ್ಕೆ ಬಿದ್ದರೆ ಹಾರುವ ಅಪಾಯವಿತ್ತು. ಐವರ್ ಜಾನ್ಸನ್ ಎಪ್ಪತ್ತು ಎಂಬತ್ತು ವರ್ಷ ಹಿಂದೆಯೇ ಬಿಡಿಸಿದ್ದ ಲೆಕ್ಕವನ್ನು ಇವರು ಬಿಡಿಸಲಿಲ್ಲ, ಬಿಡಿಸಿ ಎಂದು ಕೇಳುವವರೂ ಇರಲಿಲ್ಲ. ಆಮದಾದ ರಿವಾಲ್ವರಿಗೆ ಬೀಳಿಸುವ ಪರೀಕ್ಷೆ ಇತ್ತು, ಸ್ವದೇಶಿಗೆ ಇರಲಿಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಗ್ರಾಹಕ ವಸ್ತುಗಳ ಸುರಕ್ಷತೆಗೆ ಆಯೋಗವೊಂದನ್ನು ರಚಿಸಿದಾಗಲೂ ಬಂದೂಕನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಆಟಿಕೆ ಪಿಸ್ತೂಲಿನ ದೋಷವನ್ನು ಆ ಆಯೋಗ ವಿಚಾರಿಸಬಹುದು, ನಿಜ ಪಿಸ್ತೂಲಿನದನ್ನು ವಿಚಾರಿಸುವಂತಿಲ್ಲ.

ಕೆಟ್ಟ ಸರಕನ್ನು ಪೇಟೆಯೇ ಹೊರದಬ್ಬುತ್ತದೆ, ಕಾನೂನು ಏಕೆ ಬೇಕು ಎನ್ನುವವರಿದ್ದಾರೆ. ಬೇರೆ ಸರಕಿನಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಮನೆಯ ರಕ್ಷಣೆಗೆಂದು ಕೊಂಡ ಪಿಸ್ತೂಲು ಬಳಕೆಯಾಗುವುದೇ ಅಪರೂಪ. ಒಂದು ಪೆಟ್ಟಿಗೆ ತೋಟಾ ಹಾರಿಸಿ ನೋಡಿದವರೂ ವಿರಳ, ಮಿಕ್ಕವರದು ಮೇಜಿನ ಖಾನೆಯಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ದಿನವೂ ಓಡುವ ಸೈಕಲ್ಲಿನ ದೋಷ ವಾರದಲ್ಲಿ ಗೊತ್ತಾಗುತ್ತದೆ, ಇದರ ದೋಷ ಗೊತ್ತಾಗುವುದು ಒಮ್ಮೆ ಮಾತ್ರ, ಅದೂ ತೀರ ತಡವಾಗಿ. ಮೇಲಾಗಿ, ಬಿದ್ದು ಹಾರಿದ ಗುಂಡು ತಗಲುವುದು ಕೊಂಡವನಿಗೇ ಆಗಬೇಕೆಂದಿಲ್ಲ. ಬೆಲೆ ನೋಡಿ ಆಯ್ಕೆ ಮಾಡಿದವನು ಒಬ್ಬ, ಆ ಆಯ್ಕೆಯ ಫಲ ಉಂಡವನು ಇನ್ನೊಬ್ಬನಾದಾಗ ಪೇಟೆಗೆ ತಿದ್ದಿಕೊಳ್ಳುವ ದಾರಿ ಎಲ್ಲಿದೆ?

ಇದಕ್ಕಿಂತ ಗಂಭೀರವಾದ ಆಕ್ಷೇಪ ಬಡವರ ಪರವಾದದ್ದು. ಕಳ್ಳತನ, ದರೋಡೆ ಹೆಚ್ಚಿರುವ ಕೇರಿಯಲ್ಲಿ, ಕರೆದರೂ ಪೊಲೀಸರು ಬರಲು ತಡವಾಗುವ ಕಡೆ ವಾಸಿಸುವವರು ಬಡವರೇ. ಐನೂರು ಡಾಲರಿನ ಪಿಸ್ತೂಲು ಶ್ರೀಮಂತನಿಗೆ, ಬಡವನಿಗೆ ಬರಿಗೈ ಎಂಬಂಥ ಕಾನೂನು ಅನ್ಯಾಯ. ಈ ಆಕ್ಷೇಪದ ಹಿಂದೆ ಕಹಿಯಾದ ಚರಿತ್ರೆಯೂ ಇದೆ. ಗುಲಾಮಗಿರಿ ಅಳಿದ ಮೇಲಿನ ದಕ್ಷಿಣದಲ್ಲಿ, 1879ರಲ್ಲಿ ಟೆನೆಸಿ, 1881ರಲ್ಲಿ ಅರ್ಕನ್ಸಾ, ಸೇನೆ ಮತ್ತು ನೌಕಾದಳ ಬಳಸುವ ಮಾದರಿಗಳನ್ನು ಬಿಟ್ಟು ಉಳಿದ ಕೈಬಂದೂಕುಗಳ ಮಾರಾಟವನ್ನು ನಿಷೇಧಿಸಿದವು. ಆ ದೊಡ್ಡ ರಿವಾಲ್ವರುಗಳು ಹಳೆಯ ಸೈನಿಕರ ಮನೆಗಳಲ್ಲಿದ್ದವು, ಹೊಸದಾಗಿ ಕೊಳ್ಳುವ ಶಕ್ತಿ ಕಪ್ಪುಜನರಿಗೂ ಬಡ ಬಿಳಿಯರಿಗೂ ಇರಲಿಲ್ಲ. ಹಾಗಾಗಿ ಅಗ್ಗದ ಬಂದೂಕಿನ ಮೇಲಿನ ಯಾವುದೇ ನಿಷೇಧವನ್ನು ಅನುಮಾನದಿಂದ ನೋಡುವವರನ್ನು ನಾನು ತಪ್ಪು ಎನ್ನಲಾರೆ. ಸೌತ್ ಕ್ಯಾರೊಲಿನಾ, ಇಲಿನಾಯ್ ಮುಂತಾದ ರಾಜ್ಯಗಳು ಮಾಡಿದ ಕರಗುಬಿಂದು ಕಾನೂನು ಇದೇ ಜಾಡಿನದು. 800 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 427 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಕರಗುವ ಲೋಹದ ಮೈಯುಳ್ಳ ಕೈಬಂದೂಕು ಮಾರಕೂಡದು ಎಂಬುದು ಅದರ ಸಾರ. ಗುರಿ ಝಮಾಕ್ ಎಂಬುದು ಸ್ಪಷ್ಟ. ಲೋಹ ಯಾವುದು ಎಂದು ಕೇಳುವ ಕಾನೂನು ಬಂದೂಕು ಬಿದ್ದರೆ ಹಾರುತ್ತದೆಯೇ ಎಂದು ಕೇಳುವುದಿಲ್ಲ. ಅದು ಅಗ್ಗವನ್ನು ಗುರುತಿಸುತ್ತದೆ, ದೋಷವನ್ನಲ್ಲ.

ಅಗ್ಗವೂ ದೋಷವೂ ಬೇರೆಬೇರೆ ಎಂಬುದಕ್ಕೆ ಓಹಾಯೋ ರಾಜ್ಯದ ಹೈ-ಪಾಯಿಂಟ್ ಪಿಸ್ತೂಲು ಸಾಕ್ಷಿ. 1990ರ ದಶಕದಲ್ಲಿ ಬಂದ ಇದರ ಸ್ಲೈಡೂ ಅದೇ ಸತುವಿನ ಎರಕ, ವಿನ್ಯಾಸವೂ ಕೊಂಡಿಯಿಲ್ಲದ ಅದೇ ಸರಳ ಬಗೆ, ಬೆಲೆ ಬಹುಕಾಲ 200 ಡಾಲರಿನೊಳಗೇ. ಆದರೆ ಇದನ್ನು ಮಾಡಿದವರು ಭೌತಶಾಸ್ತ್ರದೊಡನೆ ಜಗಳಕ್ಕೆ ಹೋಗಲಿಲ್ಲ. 9 ಮಿಲಿಮೀಟರಿಗೆ ಬೇಕಾದ ಭಾರವನ್ನು ಸ್ಲೈಡಿಗೆ ಕೊಟ್ಟರು, ನೋಟ ಹೇಗಾದರೂ ಇರಲಿ ಎಂದರು. 9 ಮಿಲಿಮೀಟರಿನದೇ ಆದ ಗ್ಲಾಕ್ 19 ಪಿಸ್ತೂಲು ಖಾಲಿಯಿದ್ದಾಗ ಸುಮಾರು 600 ಗ್ರಾಂ ತೂಗಿದರೆ ಹೈ-ಪಾಯಿಂಟ್ ಸಿ9 ಸುಮಾರು 820 ಗ್ರಾಂ. ಮ್ಯಾಗಜೀನಿನಲ್ಲಿ ಎಂಟೇ ತೋಟಾ. ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಲು ತೊಡಕು, ನೋಡಲು ಒಡ್ಡೊಡ್ಡು. ಆದರೆ ಸಾವಿರಾರು ಗುಂಡು ಹಾರಿಸಿ ನೋಡಿದವರು ಅದನ್ನು ನೆಚ್ಚಬಹುದು ಎನ್ನುತ್ತಾರೆ. ಎಷ್ಟನೇ ಕೈಗೆ ಹೋಗಿದ್ದರೂ ಪ್ರಶ್ನೆ ಕೇಳದೆ ರಿಪೇರಿ ಮಾಡಿಕೊಡುವ ಆಜೀವ ಭರವಸೆಯನ್ನು ಕಂಪನಿ ಕೊಟ್ಟಿತು. ಉಳಿತಾಯ ಅಂದದಲ್ಲಿ, ಗಾತ್ರದಲ್ಲಿ ಆಯಿತು. ದುಬಾರಿ ಎಂದರೆ ಭದ್ರ ಎನ್ನುವುದೂ ನಿಲ್ಲದು. 2017ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಪಿಸ್ತೂಲಿಗೆ ಮೂಲವಾದ ಸಿಗ್ ಪಿ320 ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಹಾರುತ್ತದೆಂದು ಅದೇ ವರ್ಷ ಬಯಲಾಗಿ, ಕಂಪನಿ ಸಾರ್ವಜನಿಕರ ಪಿಸ್ತೂಲುಗಳನ್ನು ತರಿಸಿಕೊಂಡು ತಿದ್ದಿಕೊಡಬೇಕಾಯಿತು.

ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಅಗ್ಗದ ಬಂದೂಕು ಚೆನ್ನಾಗಿ ಕೆಲಸ ಮಾಡಿದರೆ ಒಳ್ಳೆಯದೇ? ಕೊಲೆಗಾರನ ಕೈಯಲ್ಲಿ ಅದು ಕೈಕೊಟ್ಟರೆ ಒಂದು ಜೀವ ಉಳಿಯುವುದಿಲ್ಲವೇ? 1990ರ ದಶಕದಲ್ಲಿ ಅಪರಾಧದ ಸ್ಥಳಗಳಲ್ಲಿ ಸಿಕ್ಕಿ ಮೂಲ ಪತ್ತೆಗೆ ಕಳಿಸಲಾದ ಬಂದೂಕುಗಳಲ್ಲಿ ಲಾರ್ಸಿನ್‌ನ .380 ಪಿಸ್ತೂಲು ಮೊದಲ ಸಾಲಿನಲ್ಲಿತ್ತು. ಅಮೆರಿಕದಲ್ಲಿ ಗುಂಡಿನಿಂದಾಗುವ ಸಾವುಗಳಲ್ಲಿ ಬಹುಪಾಲು ಆತ್ಮಹತ್ಯೆ ಮತ್ತು ಕೊಲೆ. ಆಕಸ್ಮಿಕದ ಪಾಲು ಅವುಗಳ ಮುಂದೆ ಬಹಳ ಸಣ್ಣದು. ಗುಣದ ಪರೀಕ್ಷೆ ಆ ದೊಡ್ಡ ಪಾಲನ್ನು ತಗ್ಗಿಸದು, ತಗ್ಗಿಸುತ್ತದೆಂದು ನಾನು ಹೇಳುವುದೂ ಇಲ್ಲ. ಆದರೆ ದೋಷವನ್ನು ರಕ್ಷಣೆ ಎಂದು ಎಣಿಸುವುದು ಕುರುಡು ಲೆಕ್ಕ. ಸಿಕ್ಕಿಕೊಳ್ಳುವ ತೋಟಾಕ್ಕೆ ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ಗೊತ್ತಿರುವುದಿಲ್ಲ. ಹಿಂಕ್ಲಿಯ ಕೈಯಲ್ಲಿದ್ದ ಕಳಪೆ ರಿವಾಲ್ವರ್ ಆರು ಬಾರಿಯೂ ಕೈಕೊಡಲಿಲ್ಲ. ಅದೇ ವರ್ಗದ ಪಿಸ್ತೂಲೊಂದು ಕೈಕೊಟ್ಟದ್ದು ಏಳು ವರ್ಷದ ಮಗುವಿನ ಎದುರು.

1994ರಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ಮನೆಯೊಂದರಲ್ಲಿ, ಮಗುವನ್ನು ನೋಡಿಕೊಳ್ಳುತ್ತಿದ್ದ ಯುವಕ ಬ್ರೈಕೋ 38 ಪಿಸ್ತೂಲಿನಿಂದ ತೋಟಾ ಹೊರತೆಗೆಯಲು ಹೊರಟ. ಆ ಪಿಸ್ತೂಲಿನಲ್ಲಿ ಸೇಫ್ಟಿ ಹಾಕಿದ್ದರೆ ಸ್ಲೈಡ್ ಅಲುಗುವುದಿಲ್ಲ. ತೋಟಾ ತೆಗೆಯಬೇಕೆಂದರೆ ಮೊದಲು ಸೇಫ್ಟಿ ತೆಗೆಯಬೇಕು. ತೆಗೆದ, ಬೆರಳು ಟ್ರಿಗರಿಗೆ ತಗಲಿತು, ಗುಂಡು ಮಗುವಿಗೆ ಬಡಿದು ಕುತ್ತಿಗೆಯ ಕೆಳಗಿನ ಮೈಯೆಲ್ಲ ನಿಶ್ಚಲವಾಯಿತು. ವಿಚಾರಣೆಯಲ್ಲಿ ಹುಡುಗನ ಪರ ವಕೀಲರು ಮಂಡಿಸಿದ ವಾದ ಇದು: ಪಿಸ್ತೂಲಿನ ಮೊದಲ ವಿನ್ಯಾಸದಲ್ಲಿ ಸೇಫ್ಟಿ ಹಾಕಿಕೊಂಡೇ ಸ್ಲೈಡ್ ಎಳೆಯಬಹುದಿತ್ತು. ಹಾಗೆ ಎಳೆದಾಗ ತೋಟಾ ಸಿಕ್ಕಿಕೊಳ್ಳುತ್ತಿತ್ತು. ಆ ದೋಷವನ್ನು ತಿದ್ದುವ ಬದಲು ಮರೆಮಾಚಲು ಸೇಫ್ಟಿ ಹಾಕಿದಾಗ ಸ್ಲೈಡ್ ಎಳೆಯಲಾಗದಂತೆ ಮಾಡಲಾಯಿತು. ಹೆಸರಾಂತ ಕೋಲ್ಟ್ 1911ರಲ್ಲೂ ಸೇಫ್ಟಿ ಸ್ಲೈಡನ್ನು ಕಟ್ಟುತ್ತದೆ, ಇದರಲ್ಲೇನು ವಿಶೇಷ ಎನ್ನಬಹುದು. ಅದು ತರಬೇತಾದ ಸೈನಿಕನಿಗೆಂದು ರೂಪಿಸಿದ್ದು, ಹಿಡಿಕೆಯಲ್ಲಿ ಇನ್ನೊಂದು ಸೇಫ್ಟಿ ಉಳ್ಳದ್ದು. ಇಲ್ಲಿಯದು, ಆ ವಾದವನ್ನು ಒಪ್ಪಿದರೆ, ಮೊದಲ ಮುಖದ ದೋಷವನ್ನು ಎರಡನೆಯ ಮುಖಕ್ಕೆ ಸರಿಸಿದ್ದು, ಸಿಕ್ಕಿಕೊಳ್ಳುವ ತೋಟಾದ ಬೆಲೆಯನ್ನು ಹಾರಬಾರದ ಗುಂಡಿನಲ್ಲಿ ಕಟ್ಟಿಸಿದ್ದು. 2003ರಲ್ಲಿ ಜ್ಯೂರಿ ವಿನ್ಯಾಸ ದೋಷಪೂರಿತ ಎಂದು ಒಪ್ಪಿ, ತಯಾರಕರು ಮತ್ತು ಅವರ ಪಾಲುದಾರರ ಮೇಲೆ ಸುಮಾರು 2.4 ಕೋಟಿ ಡಾಲರಿನ ಹೊಣೆ ಹೊರಿಸಿತು. ತೀರ್ಪಿನ ಬೆನ್ನಿಗೇ ಬ್ರೈಕೋ ದಿವಾಳಿ ಅರ್ಜಿ ಹಾಕಿತು.

ಅಷ್ಟರಲ್ಲಿ ಕಾನೂನು ಸರಿಯಾದ ಪ್ರಶ್ನೆ ಕೇಳಲು ಕಲಿತಿತ್ತು. ಕ್ಯಾಲಿಫೋರ್ನಿಯಾ 1999ರಲ್ಲಿ ಅಂಗೀಕರಿಸಿ 2001ರ ಜನವರಿಯಿಂದ ಜಾರಿಗೆ ತಂದ ಕಾಯ್ದೆ ಬೆಲೆಯನ್ನೂ ಕೇಳಲಿಲ್ಲ, ಕರಗುಬಿಂದುವನ್ನೂ ಕೇಳಲಿಲ್ಲ. ಒಂದು ಮಾದರಿಯ ಮೂರು ಪಿಸ್ತೂಲು ತಂದು ಪ್ರತಿಯೊಂದರಿಂದಲೂ 600 ಗುಂಡು ಹಾರಿಸಿ ಎಂದಿತು. ಮೊದಲ 20ರಲ್ಲಿ ಒಂದೂ ಕೈಕೊಡಬಾರದು, ಒಟ್ಟಿನಲ್ಲಿ ಆರಕ್ಕಿಂತ ಹೆಚ್ಚು ಬಾರಿ ಕೈಕೊಡಬಾರದು. ಆಮೇಲೆ ಸುಮಾರು ಒಂದು ಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬೇರೆಬೇರೆ ಭಂಗಿಯಲ್ಲಿ ಬೀಳಿಸಬೇಕು, ಹಾರಕೂಡದು. ನಂಬಿಕೆಯ ಎರಡು ಮುಖಕ್ಕೂ ಪರೀಕ್ಷೆ, ಸ್ವದೇಶಿ ವಿದೇಶಿ ಎಂಬ ಭೇದವಿಲ್ಲ. ಅದೇ ರಾಜ್ಯ ಆಮೇಲೆ ಹೊಸ ಹೊಸ ತಾಂತ್ರಿಕ ಷರತ್ತುಗಳನ್ನು ಸೇರಿಸುತ್ತ ಹೋದದ್ದರ ಮೇಲೆ ವಾದ ವಿವಾದಗಳಿವೆ. ಆದರೆ ಆ ಮೊದಲ ಎರಡು ಪರೀಕ್ಷೆಗಳನ್ನು ಅನ್ಯಾಯ ಎನ್ನಲು ನನಗೆ ಕಾರಣ ಕಾಣುವುದಿಲ್ಲ. ಬಡವನಿಗೆ ಪಿಸ್ತೂಲು ಬೇಕೆಂದು ವಾದಿಸುವವರು ಅವನಿಗೆ ಕೆಟ್ಟ ಪಿಸ್ತೂಲೇ ಸಾಕು ಎಂದು ವಾದಿಸಲಾರರು.

ಆದರೂ ಅದು ಒಂದು ರಾಜ್ಯದ ಕಾನೂನು. 2004ರಲ್ಲಿ ಬ್ರೈಕೋದ ಯಂತ್ರಗಳು, ಅಚ್ಚುಗಳು, ಉಳಿದ ಬಿಡಿಭಾಗಗಳು ಹರಾಜಿಗೆ ಬಂದವು. ಆಗ ಹದಿಹರೆಯಕ್ಕೆ ಬಂದಿದ್ದ ಆ ಹುಡುಗನ ಕಡೆಯವರು ಕಂಪನಿಯನ್ನೇ ಕೊಂಡು ಪಿಸ್ತೂಲುಗಳನ್ನೆಲ್ಲ ಕರಗಿಸಿಬಿಡಬೇಕೆಂದು ಹಣ ಕೂಡಿಸಿ 5,05,000 ಡಾಲರಿನವರೆಗೆ ಕೂಗಿದರು. ಕಾರ್ಖಾನೆಯ ಹಳೆಯ ಮೇಸ್ತ್ರಿ 5,10,000ಕ್ಕೆ ಕೂಗಿ ಗೆದ್ದು, ಹಿಮೆನೆಜ್ ಆರ್ಮ್ಸ್ ಎಂಬ ಹೆಸರಿನಲ್ಲಿ ಪಿಸ್ತೂಲು ತಯಾರಿಕೆ ಮುಂದುವರಿಸಿದ. 2006ರಲ್ಲಿ ಕಂಪನಿ ಕ್ಯಾಲಿಫೋರ್ನಿಯಾ ಬಿಟ್ಟು ಪಕ್ಕದ ನೆವಾಡಕ್ಕೆ ಹೋಯಿತು. ಅಲ್ಲಿ ಪಿಸ್ತೂಲನ್ನು ಮಾರುವ ಮೊದಲು ಹಾರಿಸಿ ನೋಡಿ, ಬೀಳಿಸಿ ನೋಡಿ ಎನ್ನುವ ಕಾನೂನು ಇರಲಿಲ್ಲ. 2020ರಲ್ಲಿ ದಿವಾಳಿ ಅರ್ಜಿ ಹಾಕುವವರೆಗೂ ಅದರ ಪಿಸ್ತೂಲುಗಳು ಅಮೆರಿಕದ ಪೇಟೆಯಲ್ಲಿದ್ದವು.